ಹಂದಿಯ ಕವಾಟ ಎದೆಯಲ್ಲಿ ಬೆಳೆಯುವುದಿಲ್ಲ

ಹೃದಯಕ್ಕೆ ಹಂದಿ ಅಥವಾ ಹಸುವಿನ ಅಂಗಾಂಶದ ಕವಾಟ (ವಾಲ್ವ್) ಹಾಕಿದರೆ ಆ ಪ್ರಾಣಿಯ ಜೀವಕೋಶಗಳು ಮೈಯಲ್ಲಿ ಬೆಳೆಯುತ್ತವೆ, ದೇಹ ಅದನ್ನು ತಿರಸ್ಕರಿಸದಂತೆ ಸಾಯುವ ತನಕ ಮಾತ್ರೆ ನುಂಗಬೇಕು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಈ ಕವಾಟಗಳಲ್ಲಿ ಜೀವಂತ ಕೋಶ ಇರುವುದಿಲ್ಲ. ಅವನ್ನು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದ ದ್ರಾವಣದಲ್ಲಿ ನೆನೆಸಿಡುತ್ತಾರೆ. ಅದು ಅಂಗಾಂಶಕ್ಕೆ ಬಲ ಕೊಡುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಚರ್ಮ ಹದ ಮಾಡಿದ ಹಾಗೆ ಅನ್ನಿ. ದೇಹ ಪರಕೀಯವೆಂದು ಗುರುತಿಸುವ ಗುಣವೂ ಬಹಳ ಕಡಿಮೆಯಾಗುತ್ತದೆ. ಫ್ರಾನ್ಸ್‌ನ ಶಸ್ತ್ರವೈದ್ಯ ಅಲೇನ್ ಕಾರ್ಪೆಂಟಿಯರ್ 1960ರ ದಶಕದ ಕೊನೆಯಲ್ಲಿ ತಂದ ವಿಧಾನ ಇದು. ಹಾಗಾಗಿ ಕಿಡ್ನಿ ಕಸಿಗೆ ಕೊಡುವಂಥ ಮಾತ್ರೆ ಇಲ್ಲಿ ಬೇಕಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿಯೇ ಬೇರೆ, ಅದನ್ನು ವೈದ್ಯರನ್ನು ಕೇಳದೆ ಬಿಡಬೇಡಿ.

ಹಾಗಂತ ಒಮ್ಮೆ ನೆನೆಸಿದರೆ ಕ್ರಿಮಿಯೆಲ್ಲ ಸತ್ತಿತು ಅನ್ನುವುದೂ ಸರಿಯಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಕೆಲವು ಹಂದಿ ಕವಾಟಗಳಲ್ಲಿ ಕ್ಷಯದ ಕ್ರಿಮಿಯ ಜಾತಿಗೇ ಸೇರಿದ, ಗಟ್ಟಿ ಜೀವದ ಬ್ಯಾಕ್ಟೀರಿಯಾ ಸಿಕ್ಕಿತ್ತು! ಈಗ ಕ್ರಿಮಿ ಕೊಲ್ಲಲು ಪ್ರತ್ಯೇಕ ಹಂತವೇ ಇದೆ. ಆಪರೇಷನ್ ಕೋಣೆಯಲ್ಲಿ, ನೆನೆಸಿದ ರಾಸಾಯನಿಕ ಹೋಗಲೆಂದು ಕವಾಟವನ್ನು ಸಾಮಾನ್ಯವಾಗಿ ಸಲೈನ್‌ನಲ್ಲಿ ಹಲವು ಸಲ ತೊಳೆಯುತ್ತಾರೆ.

ನಿಜವಾದ ಕೊರತೆ ಬೇರೆ: ವರ್ಷಗಳು ಕಳೆದಂತೆ ಸುಣ್ಣದಂಶ ಕಟ್ಟಿ ಕವಾಟ ಸವೆಯುತ್ತದೆ, ಚಿಕ್ಕ ವಯಸ್ಸಿನವರಲ್ಲಿ ಬೇಗ.