ಮೆತ್ತಗಾದ ರೊಟ್ಟಿ

ಕಟಕ ರೊಟ್ಟಿ ಮೆತ್ತಗಾಯಿತೆಂದರೆ ನಮ್ಮ ವಿಜಯಪುರದಲ್ಲಿ ಯಾರೂ ನಂಬುವುದಿಲ್ಲ. ಇಲ್ಲಿಯ ಒಣ ಹವೆಗೆ ತಿಂಗಳಿಟ್ಟರೂ ಅದು ಟಕ್ಕನೆ ಮುರಿಯಬೇಕು, ಮುರಿಯುತ್ತದೆ ಕೂಡ. ದೀಪಾವಳಿ ಸೂಟಿಗೆ ಗೋವಾಕ್ಕೆ ಹೊರಟಾಗ ಅವ್ವ ಅದೇ ಧೈರ್ಯದ ಮೇಲೆ ಮೂವತ್ತು ರೊಟ್ಟಿ, ಡಬ್ಬಿ ತುಂಬ ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ಬೆಳಗಾವಿ ದಾಟಿ, ಚೋರ್ಲಾ ಘಾಟು ಇಳಿದು ಪಣಜಿ ಮುಟ್ಟುವಷ್ಟರಲ್ಲಿ ಗಂಟು ಅರ್ಧ ಖಾಲಿ. ಮರುದಿನ ಮುಂಜಾನೆ ಉಳಿದದ್ದನ್ನು ಬಿಚ್ಚಿದರೆ ರೊಟ್ಟಿಗಳು ತೊಯ್ದ ಕರ್ಚೀಫಿನ ಹಾಗೆ ಜೋತುಬಿದ್ದಿದ್ದವು. ಅವ್ವ ಒಂದನ್ನು ಎರಡೂ ಕೈಯಲ್ಲಿ ಹಿಡಿದು ಮಡಚಿದಳು. ಅದು ಮುರಿಯಲಿಲ್ಲ, ಸುಮ್ಮನೆ ಮಡಚಿಕೊಂಡಿತು. "ಇದಕ್ಕೇನ ಬಡೀತೋ ತಮ್ಮಾ?" ಎಂದು ಗಾಬರಿಯಾದಳು. ಸಮುದ್ರದ ಗಾಳಿ ಬಡಿದಿತ್ತು.

ಆ ಸಿಟ್ಟೋ ಏನೋ, ಮೀರಾಮಾರಿನ ದಂಡೆಯಲ್ಲಿ ನಿಂತಾಗಲೂ ಅವಳಿಗೆ ಸಮುದ್ರ ಅಂಥ ಮನಸ್ಸಿಗೆ ಬರಲಿಲ್ಲ. "ಇದರಾಗ ಕಾಲ ಪಾಲ ನಮ್ಮ ಹೊಲದ ಕಡೆ ಹರದಿದ್ರ ಎರಡ ಬೆಳಿ ತಗೀತಿದ್ವಿ" ಅಂದಳು. ಉಪ್ಪುನೀರವ್ವಾ ಅದು ಅಂದೆ. "ಹಂಗಾರ ಯಾರಿಗೆ ಬೇಕ ತಗೋ" ಎಂದು ಸೀರೆಯ ನೆರಿಗೆ ಕೊಡವಿಕೊಂಡು ಹೊರಟೇಬಿಟ್ಟಳು.

ಹಳೇ ಗೋವೆಗೆ ಹೋಗೋಣ ಎಂದವನು ನಾನು. ನಮ್ಮ ಊರಿನವರಿಗೆ ಒಂದು ಚಟವಿದೆ, ಎಲ್ಲಿ ಗುಮ್ಮಟ ಕಂಡರೂ ಅದನ್ನು ಮನಸ್ಸಿನಲ್ಲೇ ಗೋಳಗುಮ್ಮಟದ ಪಕ್ಕ ನಿಲ್ಲಿಸಿ ನೋಡುವುದು, ನೋಡಿ ಸಣ್ಣದಾಗಿ ನಗುವುದು. ಅಲ್ಲಿ ಸಂತ ಕ್ಯಾಜೆಟನ್ ಚರ್ಚಿದೆ. ಇಟಲಿಯ ಪಾದ್ರಿಗಳು ರೋಮಿನ ಸಂತ ಪೀಟರರ ಚರ್ಚನ್ನು ನೆನೆದು ಕಟ್ಟಿಸಿದ್ದು, ಅದೂ ನಮ್ಮ ಗೋಳಗುಮ್ಮಟದ ಕೆಲಸ ನಿಂತ 1656ರ ಆಸುಪಾಸಿನಲ್ಲೇ. ಒಳಗೆ ಹೋದದ್ದೇ ತಡ, ಮಗಳು ಗುಮ್ಮಟದ ಕೆಳಗೆ ನಿಂತು ಪಟ್ಟನೆ ಚಪ್ಪಾಳೆ ತಟ್ಟಿ, ಬೆರಳು ಮಡಚುತ್ತ ಏಳರ ತನಕ ಎಣಿಸಲು ಕಾದಳು. ಒಂದಕ್ಕೇ ನಿಂತಿತು. ಎರಡನೆಯದು ಕಾವಲುಗಾರನ "ಶ್!"

ನಾನು ಹುಡುಕುತ್ತಿದ್ದದ್ದು ಹೊರಗೆ, ಚರ್ಚಿನ ಆವರಣದಲ್ಲಿತ್ತು. ಒಂದು ಬಾಗಿಲು. ಬರೀ ಬಾಗಿಲು. ಕೆಲವು ಮೆಟ್ಟಿಲು, ಎರಡು ಕಂಬ, ಮೇಲೊಂದು ತೊಲೆಗಲ್ಲು. ಒಳಗೆ ಕಾಲಿಟ್ಟರೆ ಹೊರಗೇ ಇರುತ್ತೀರಿ. ಒಂದು ಕಾಲಕ್ಕೆ ಅದರ ಹಿಂದೆ ಆದಿಲ್ ಶಾಹನ ಅರಮನೆ ಇತ್ತು. ಅರಬಸ್ತಾನದ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರು ನಮ್ಮ ಊರಿನ ಸುಲ್ತಾನನದಾಗಿತ್ತು. 1510ರ ಆರಂಭದಲ್ಲಿ ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕ್ ಅದನ್ನು ಗೆದ್ದ, ಮೇ ತಿಂಗಳಲ್ಲಿ ಕಳಕೊಂಡ, ನವೆಂಬರ್ 25ಕ್ಕೆ ಮತ್ತೆ ಗೆದ್ದು ಗಟ್ಟಿಯಾಗಿ ಕೂತ. ಅಷ್ಟರಲ್ಲಿ ಯೂಸುಫ್ ಆದಿಲ್ ಶಾಹ ತೀರಿಹೋಗಿ, ಗಾದಿಯ ಮೇಲೆ ಹುಡುಗ ಇಸ್ಮಾಯಿಲ್ ಇದ್ದ. ಮುಂದೆ ಪೋರ್ಚುಗೀಸರ ವೈಸರಾಯರೂ ಅದೇ ಅರಮನೆಯಲ್ಲಿ ಸಂಸಾರ ಹೂಡಿದರು. ಈಗ ಅವರೂ ಇಲ್ಲ, ಅರಮನೆಯೂ ಇಲ್ಲ.

ಸುತ್ತಲಿನ ಚರ್ಚುಗಳೆಲ್ಲ ಕೆಂಪು ಜಂಬಿಟ್ಟಿಗೆ ಇಲ್ಲವೆ ಬಿಳಿ ಗಾರೆ. ಈ ಬಾಗಿಲೊಂದೇ ಕರಿಕಲ್ಲಿನದು, ಗೋಳಗುಮ್ಮಟದ್ದೇ ಜಾತಿ. ಕಂಬಕ್ಕೆ ಅಂಗೈ ಇಟ್ಟೆ. ಬಿಸಿಲಿಗೆ ಕಾದಿತ್ತು. ಆ ಕಾವು ಸಹ ಪರಿಚಯದ್ದೇ ಅನ್ನಿಸಿ ಗಂಟಲು ಸ್ವಲ್ಪ ಕಟ್ಟಿದ್ದು ನಿಜ. ಅಷ್ಟರಲ್ಲಿ ಹೆಂಡತಿ ಕೇಳಿದಳು: "ಇದನ್ನ ನೋಡಾಕ ಇಷ್ಟ ದೂರ ಬಂದ್ವೇನ್ರಿ? ಇಂಥಾವು ನಮ್ಮಲ್ಲಿ ಓಣಿಗೊಂದ ಅದಾವಲ್ಲ." ಅದೂ ನಿಜವೇ. ಅವುಗಳ ಮುಂದೆ ನಾವು ಗಾಡಿ ನಿಲ್ಲಿಸುತ್ತೇವೆ, ಸೀರೆ ಒಣಹಾಕುತ್ತೇವೆ. ಅಂಗೈ ಇಟ್ಟದ್ದು ನನಗಂತೂ ನೆನಪಿಲ್ಲ.

ರಸ್ತೆಯ ಬದಿಗೆ ಭಾಜಿ-ಪಾವಿನ ಗಾಡಿಯಿತ್ತು. ನಾನು ಹರಕು ಹಿಂದಿಯಲ್ಲಿ ಚಹಾ ಹೇಳಿದೆ. ಗಾಡಿಯವನು ಅವ್ವನ ಇಳಕಲ್ ಸೀರೆಯನ್ನೊಮ್ಮೆ ನೋಡಿ, "ಯಾವೂರಾತ್ರಿ?" ಅಂದ. ಅವನದು ಮುದ್ದೇಬಿಹಾಳದ ಕಡೆ. ಬಂದು ಹನ್ನೆರಡು ವರ್ಷವಾಯಿತಂತೆ. ಅವ್ವ ಕುಶಲವನ್ನೂ ಕೇಳದೆ ಸೀದಾ ತಕರಾರಿಗೇ ಇಳಿದಳು: "ನೋಡಪಾ, ಈ ಊರಾಗ ನಮ್ಮ ರೊಟ್ಟಿ ಸತ್ತ ಹೋದ್ವು."

"ಸಾಯೂದಿಲ್ಲಬೇ, ತಾ ಇಲ್ಲಿ" ಎಂದ. ಪಾವು ಸರಿಸಿ, ಕಾದ ತವೆಯನ್ನು ಒರೆಸಿ, ರೊಟ್ಟಿಯನ್ನು ಮೇಲಿಟ್ಟು ಅರಿವೆಯಿಂದ ಅಂಚು ಒತ್ತುತ್ತ ಹೋದ. ತಿರುವಿ ಹಾಕಿದ. ಜೋಳದ ವಾಸನೆ ಎದ್ದಿತು. ಆರುವ ತನಕ ಕಾಯ್ದು ಅವ್ವನ ಕೈಗೆ ಕೊಟ್ಟ.

ಟಕ್ ಅಂತು.

ಚಹಾದ ರೊಕ್ಕ ಎಷ್ಟು ಹೇಳಿದರೂ ಮುಟ್ಟಲಿಲ್ಲ. ಬೇಕಾದರೆ ನಾಲ್ಕು ರೊಟ್ಟಿ ಇಟ್ಟು ಹೋಗ್ರಿ ಅಂದ. ಅವ್ವ ಹಿಂಡಿಯ ಡಬ್ಬಿಯನ್ನೂ ಇಟ್ಟಳು, ಮುಚ್ಚಳ ಮಾತ್ರ ಗಟ್ಟಿ ಹಾಕು ಎಂದು ಮೂರು ಸಲ ಹೇಳಿ.