ಬಾಯಿ ಬಿಡದವರು

ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್. ಮೊನ್ನೆ ಅಷ್ಟೂ ದೂರ ನನ್ನ ಹೆಂಡತಿ ಮೊಣಕಾಲನ್ನು ಕಾರಿನ ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡೇ ಬಂದಳು. ಯೋಗಾಸನವೇನಲ್ಲ. ಅವಳೆದುರಿನ ಗ್ಲೋವ್ ಬಾಕ್ಸಿನ ಚಿಲಕ ಮುರಿದಿತ್ತು. ದೇವಿಮನೆ ಘಟ್ಟದಲ್ಲಿ ತೂಕಡಿಸಿ ಕಾಲು ಸಡಿಲ ಬಿಟ್ಟಾಗೆಲ್ಲ ಮುಚ್ಚಳ ದಢಾರನೆ ಬಿದ್ದು ಅವಳ ಉಡಿ ತುಂಬುತ್ತಿತ್ತು. ಅಕ್ಕಿ ಕಾಯಿ ಅಲ್ಲ. ಆರ್‌ಸಿ, ಇನ್ಶೂರೆನ್ಸ್ ಕಾಗದ, ಎರಡು ಸತ್ತ ಟಾರ್ಚು, ಯಾವುದೋ ಮುಂಜಿಯಿಂದ ತಂದ ಅರ್ಧ ಪೊಟ್ಟಣ ಚಕ್ಕುಲಿ. ಹೋಗುತ್ತ ನಾಲ್ಕು ಸಲ, ಬರುತ್ತ ಮೂರು ಸಲ. ಐದನೆಯ ಸಲದ ಮೇಲೆ ಅವಳು ನನ್ನೊಡನೆ ಮಾತು ಬಿಟ್ಟಳು.

ಗ್ಲೋವ್ ಬಾಕ್ಸ್ ಎಂದರೆ ಕೈಗವಸು ಇಡುವ ಪೆಟ್ಟಿಗೆಯಂತೆ. ನಮ್ಮೂರಲ್ಲಿ ತೋಟಕ್ಕೆ ಕೊಳೆ ಔಷಧಿ ಹೊಡೆಯುವವರೇ ಕೈಗವಸು ಹಾಕುವುದಿಲ್ಲ, ಇನ್ನು ಕಾರಿನಲ್ಲಿ ಕೂತವರು ಹಾಕುತ್ತಾರೆಯೇ?

ಕಂಪನಿ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. "ಚಿಲಕ ಒಂದೇ ಬರಲ್ಲ ಸರ್, ಪೂರ್ತಿ ಅಸೆಂಬ್ಲಿನೇ ಹಾಕ್ಸಬೇಕು. ಹುಬ್ಬಳ್ಳಿಯಿಂದ ಬರ್ಬೇಕು, ಎಂಟು ದಿನ." ಎಷ್ಟಾಗುತ್ತದೆ? "2,850, ಫಿಟ್ಟಿಂಗ್ ಬೇರೆ." ಮುರಿದದ್ದು ಅರ್ಧ ಅಡಿಕೆ ಹೋಳಿನಷ್ಟು ಪ್ಲಾಸ್ಟಿಕ್ಕು. ಅಂಗಿಯ ಗುಂಡಿ ಉದುರಿದೆ ಎಂದರೆ ಮದುವೆ ಜವಳಿಯನ್ನೇ ತೆಗೆಸುವ ಜಾತಿ. ಫೋನಿಟ್ಟವನೇ ಸ್ಕ್ರೂ ಡ್ರೈವರ್ ಹುಡುಕಿದೆ.

ಮೊದಲು ಐದು ರೂಪಾಯಿಯ ಅಂಟು ತಂದೆ. ಆ ಅಂಟು ಗಟ್ಟಿಯಾಗುವುದು ಬಿಸಿಲಿಗಲ್ಲ, ಗಾಳಿಯ ತೇವಕ್ಕೆ. ಶಿರಸಿಯ ಜುಲೈ ತಿಂಗಳಲ್ಲಿ ತೇವಕ್ಕೆ ಬರವೇ? ಮುರಿದ ತುಂಡನ್ನು ಜೋಡಿಸಿ ಹಿಡಿಯುವಷ್ಟರಲ್ಲಿ ನನ್ನ ಹೆಬ್ಬೆರಳಿಗೂ ತೋರುಬೆರಳಿಗೂ ಲಗ್ನವಾಗಿತ್ತು. ಮಗಳ ಉಗುರು ಬಣ್ಣ ತೆಗೆಯುವ ನೀರಿನಲ್ಲಿ ಅದ್ದಿ, ಎಳೆದು, ಅಂತೂ ವಿಚ್ಛೇದನ ಕೊಡಿಸಿದೆವು. ಚಿಲಕ ಮಾತ್ರ ಮುಟ್ಟಿದ ಕೂಡಲೇ ಕಳಚಿ ಬಂತು. ತಿರುಗಿಸಿ ನೋಡಿದರೆ ಅದರ ಬೆನ್ನಿಗೆ 'ಪಿಪಿ' ಎಂದು ಅಚ್ಚಾಗಿತ್ತು. ಪಾಲಿಪ್ರೊಪಿಲೀನ್. ಗೊಬ್ಬರದ ಚೀಲ ನೇಯುವುದೂ ಇದರಿಂದಲೇ. ಮೈಯೆಲ್ಲ ಜಾರುವ ಈ ಪ್ಲಾಸ್ಟಿಕ್ಕಿಗೆ ಸಾದಾ ಅಂಟು ಹಿಡಿಯುವುದೇ ಇಲ್ಲ. ಆಗ ಹೊಳೆಯಿತು: ಗೊಬ್ಬರದ ಚೀಲ ಹರಿದರೆ ಯಾರಾದರೂ ಅಂಟಿಸುತ್ತಾರೆಯೇ? ಡಬ್ಬಣ ತಗೊಂಡು ಹೊಲಿಯುತ್ತಾರೆ.

ಡಬ್ಬಣ ಕಾಯಿಸಿ ತೂತು ಹಾಕುವುದು, ಸುಟ್ಟುಹೋದ ಪಂಪಿನ ತಾಮ್ರದ ತಂತಿಯಲ್ಲಿ ಹೊಲಿಯುವುದು. 160 ಡಿಗ್ರಿ ದಾಟಿದರೆ ಕರಗುವ ಪ್ಲಾಸ್ಟಿಕ್ಕು, ಒಲೆಯ ಕೆಂಡಕ್ಕೆ ಅದೇನು ಲೆಕ್ಕ? ಉಪಾಯ ಚೆನ್ನಾಗಿಯೇ ಇತ್ತು. ಪಕ್ಕದ ಮನೆ ಭಾವ ಬರುವವರೆಗೆ.

ಇವನು ಯಾವ ಕಡೆಯಿಂದ ಭಾವ ಎಂದು ಹೇಳಲು ಮೂರು ತಲೆಮಾರು ಹಿಂದೆ ಹೋಗಬೇಕು, ಬೇಡ ಬಿಡಿ. ಅವನ ಬಾಯಲ್ಲಿ ಸದಾ ಎಲೆಯಡಿಕೆಯ ಕವಳ. ಬೆಳಗಿನ ಆಸರಿ ಮುಗಿದಾಗ ಹಾಕಿದರೆ ಒಂದು ಮುಗಿಯುತ್ತ ಇನ್ನೊಂದು, ನಡುವೆ ಊಟಕ್ಕೊಂದು ವಿರಾಮ. ಮೊದಲೆಲ್ಲ ನಮ್ಮ ದಾಸವಾಳದ ಬುಡಕ್ಕೆ ಉಗುಳುತ್ತಿದ್ದ. ಹೋದ ವರ್ಷ ಇವಳು ಒಂದು ಮಾತು ಅಂದ ಮೇಲೆ ಉಗುಳಬೇಕೆಂದರೆ ತೋಟದ ಅಂಚಿಗೆ ಹೋಗಬೇಕು, ಮೂವತ್ತು ಹೆಜ್ಜೆ. ಮಳೆಯಲ್ಲಿ ಮೂವತ್ತು ಹೆಜ್ಜೆ ನಡೆಯುವ ಪೈಕಿಯವನಲ್ಲ ಭಾವ. ಹಾಗಾಗಿ ನಮ್ಮಂಗಳದಲ್ಲಿ ಅವನ ಭಾಷೆ ಬರೀ ಹೂಂಕಾರದ್ದು. ಗಲ್ಲ ಮೇಲೆತ್ತಿ, ರಸ ತುಟಿ ದಾಟದಂತೆ ಕಾದುಕೊಂಡು ಹೊರಡಿಸುವ ಸ್ವರ. ಗಿಡ್ಡ 'ಹ್ಞೂಂ' ಎಂದರೆ ಹೌದು. ಎಳೆದು ಮೇಲಕ್ಕೇರಿಸಿದರೆ 'ಎಂತ ಮಾಡ್ತಾ ಇದ್ದೆ?' ಎರಡು ಸಲ ಬಂದು ಗಲ್ಲ ಎಡಕ್ಕೆ ತಿರುಗಿದರೆ ಕುರ್ಚಿ ಬೇಕು. ಇಷ್ಟು ನನಗೆ ಗೊತ್ತು. ಕಾರಿನ ರಿಪೇರಿಯ ಶಬ್ದಗಳು ನಮ್ಮಿಬ್ಬರ ನಡುವೆ ಇನ್ನೂ ಹುಟ್ಟಿರಲಿಲ್ಲ.

ಬಾಕ್ಸಿನ ಎರಡೂ ಪಕ್ಕೆಗಳನ್ನು ಒಳಗೆ ಒತ್ತಿ, ಬಲಗಡೆಯ ದಾರ ಕಳಚಿ, ಇಡೀ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಚಿಲಕದ ಪಿನ್ನಿಗೆ ಕೈ ಹಾಕಿದೆ.

"ಹ್ಞೂಂ!" ಎಂದ ಭಾವ.

"ಇದನ್ನ ಎಳೆಯದನ?"

"ಊಂಹೂಂ!"

"ಒತ್ತದಾ ಹಂಗಾರೆ?"

"ಊಂಹೂಂ, ಊಂ, ಊಂ!" ಕಣ್ಣು ದೊಡ್ಡದಾಯಿತು. ಎರಡು ಬೆರಳು ಕೂಡಿಸಿ, ಬಿಡಿಸಿ, ಆಕಾಶಕ್ಕೆ ತೋರಿಸಿದ. ಮಳೆ ಬರುತ್ತದೆ ಅನ್ನುತ್ತಿದ್ದಾನೆಯೇ? ಮಳೆ ಬರುತ್ತಲೇ ಇತ್ತು. ಮತ್ತೆ ಬೆರಳು ಕೂಡಿಸಿ ತುಟಿಯ ಹತ್ತಿರ ತಂದು ಛಕ್ಕನೆ ಬಿಡಿಸಿದ. ಓಹೋ.

"ಭಾವಂಗೆ ಚಾ ಬೇಕಡ!" ಎಂದು ಒಳಗೆ ಕೂಗಿದೆ.

ಭಾವ ಹಣೆ ಚಚ್ಚಿಕೊಂಡ. ನಾನು ಪಿನ್ನು ಎಳೆದೆ. ಟಿಂಗ್.

ಏನೋ ಒಂದು ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಆಗ ಭಾವ ಎದ್ದ. ತಲೆ ಮೇಲೆ ಹಾಳೆಟೊಪ್ಪಿ ಇಟ್ಟುಕೊಂಡು ನಿಧಾನ ಮೂವತ್ತು ಹೆಜ್ಜೆ ನಡೆದ, ಉಗುಳಿದ, ಮೂವತ್ತು ಹೆಜ್ಜೆ ವಾಪಸು ಬಂದ, ಬಾಯಿ ತೊಳೆದ, ಪಂಚೆಯ ಚುಂಗಿನಲ್ಲಿ ಒರೆಸಿಕೊಂಡ. ಆಮೇಲೆ ಹೇಳಿದ: "ಸ್ಪ್ರಿಂಗು ಹಾರ್ತು, ಬೆರಳು ಅಡ್ಡ ಹಿಡ್ಕ ಹೇಳಿ ಆಗಿಂದ ಬಡ್ಕತ್ತಾ ಇದ್ದಿ. ನೀ ಚಾ ಹೇಳಿ ಕೂಗ್ತೆ!" ಇಷ್ಟು ಹೇಳುವುದರೊಳಗೆ ದಣಿದುಹೋದನೇನೋ, ಸಿಕ್ಕಸಿಕ್ಕಲ್ಲಿ ಎಲೆ, ಅಡಿಕೆ, ಸುಣ್ಣ ಹರಡಿಕೊಂಡು ಇನ್ನೊಂದು ಕವಳಕ್ಕೆ ಕೂತ.

ಸ್ಪ್ರಿಂಗು ಸಿಗಲಿಲ್ಲ. ಹುಡುಕುತ್ತ ಬಾಕ್ಸಿನ ಹಿಂದಿನ ಪೊಟರೆಗೆ ಕೈ ಹಾಕಿದರೆ ಎಸಿ ಫಿಲ್ಟರಿನ ಪಕ್ಕದಲ್ಲಿ ಇಲಿ ಹರಿದ ಕಾಗದ, ಮತ್ತೆ ಒಂದು ಲಿಂಬೆಹಣ್ಣು. ಹಣ್ಣೇನು ಬಂತು, ಕಪ್ಪಾಗಿ ಒಣಗಿ ಗೋಟಡಿಕೆಯಂತಾಗಿತ್ತು. ಅಲ್ಲಾಡಿಸಿದರೆ ಬೀಜ ಕಟಕಟ ಅನ್ನುತ್ತಿತ್ತು. ಆಯಿಯದು, ನನ್ನ ಅಮ್ಮನದು. ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸಬಾರದೆಂದು ಆಕೆ ಲಿಂಬೆಹಣ್ಣು ಮೂಸುತ್ತ ಕೂರುತ್ತಿದ್ದಳು. ಕತಗಾಲ ದಾಟಿ ರಸ್ತೆ ನೆಟ್ಟಗಾದ ಮೇಲೆ "ಬಪ್ಪಕಾದ್ರೆ ಬೇಕಾಗ್ತು" ಎಂದು ಬಾಕ್ಸಿನೊಳಗೆ ಇಡುತ್ತಿದ್ದಳು. ಮೊಣಕಾಲು ಹಿಡಿದುಕೊಂಡ ಮೇಲೆ ಎರಡು ವರ್ಷದಿಂದ ಆಯಿ ಘಟ್ಟ ಇಳಿದಿಲ್ಲ. ಗೋಕರ್ಣಕ್ಕೆ ಹೋಗಿಬರೋಣ ಎಂದರೆ, ಇಲ್ಲಿಂದಲೇ ಕೈ ಮುಗಿದರೆ ದೇವರಿಗೆ ಕಾಣುವುದಿಲ್ಲವಾ ಅನ್ನುತ್ತಾಳೆ. ಲಿಂಬೆಯನ್ನು ಎಸೆಯಲು ಕೈ ಎತ್ತಿದವನು ಯಾಕೋ ಬಾಕ್ಸಿನೊಳಗೇ ಹಾಕಿದೆ.

ಸ್ಪ್ರಿಂಗಿಗೆ ಬದಲು ಮಗಳ ಬಾಲ್‌ಪೆನ್ನು ಬಲಿಯಾಯಿತು. ಆರು ತೂತು, ಮೂರು ಹೊಲಿಗೆ, ಕೊನೆಗೊಂದು ಗಂಟು. ಅಡಿಕೆ ಚೀಲದ ಬಾಯಿ ಹೊಲಿದಷ್ಟೇ ಗಟ್ಟಿ. ಪೆಟ್ಟಿಗೆಯನ್ನು ಜಾಗಕ್ಕೆ ಕೂರಿಸಿ, ಕಾಗದಗಳನ್ನೆಲ್ಲ ಒಳಗೆ ತುರುಕಿದೆ. ಭಾವ ಎದ್ದು ನಿಂತು ಎರಡೂ ಕೈ ಎತ್ತಿದ. "ಹ್ಞೂಂ! ಹ್ಞೂಂ! ಹ್ಞೂಂ!" ಎಂದ, ಬಾಕ್ಸಿನತ್ತ ಬೊಟ್ಟು ಮಾಡಿ.

ಹತ್ತು ವರ್ಷದಲ್ಲಿ ಭಾವ ನನ್ನ ಕೆಲಸ ಮೆಚ್ಚಿದ್ದು ಅದೇ ಮೊದಲು. "ಅಡ್ಡಿಲ್ಯನ?" ಎಂದು ಹಿಗ್ಗಿ ಮುಚ್ಚಳ ಒತ್ತಿದೆ. ಟಕ್. ಎಂಥ ಸದ್ದು! ಹೊಸ ಗಾಡಿಯಲ್ಲೂ ಅಂಥ ಟಕ್ ಬಂದಿರಲಿಲ್ಲ. ಭಾವ ಮತ್ತೂ ಎರಡು ಸಲ ಹೂಂಕರಿಸಿ, ತಲೆ ಕೊಡವಿ, ಚಾ ಕುಡಿಯದೇ ಮನೆಗೆ ಹೋದ.

ಇವಳನ್ನು ಕರೆದು ತೋರಿಸೋಣವೆಂದು ಹಿಡಿ ಎಳೆದೆ. ಬರಲಿಲ್ಲ. ಜಗ್ಗಿದೆ. ಬರಲಿಲ್ಲ. ಬಾಲ್‌ಪೆನ್ನಿನ ಸ್ಪ್ರಿಂಗು ಉದ್ದವಾಯಿತೋ, ತಂತಿಯ ಗಂಟು ಅಡ್ಡ ಬಂತೋ, ಬಾಕ್ಸು ಹಲ್ಲು ಕಚ್ಚಿ ಕೂತಿತ್ತು. ಬೀಳಬಾರದು ಎಂದಷ್ಟೇ ತಾನೇ ನೀನು ಕೇಳಿದ್ದು ಎಂದು ಇವಳಿಗೆ ಹೇಳಿ ನೋಡಿದೆ. "ಆರ್‌ಸಿ ಎಲ್ಲಿದ್ದು?" ಎಂದಳು. ಮೂರು ದಿನದ ಮೇಲೆ ಆಡಿದ ಮೊದಲ ಮಾತು. ಮೊಬೈಲಿನ ಡಿಜಿಲಾಕರಿನಲ್ಲಿ ಇದೆ ಎಂದೆ. ಘಟ್ಟದಲ್ಲಿ ನೆಟ್‌ವರ್ಕ್ ಎಲ್ಲಿದೆ ಎಂದು ಅವಳು ಕೇಳಲಿಲ್ಲ, ಸುಮ್ಮನೆ ನೋಡಿದಳು.

ಸಂಜೆ ಭಾವ ಮತ್ತೆ ಬಂದ. ಬಾಯಿ ಖಾಲಿ. ಖಾಲಿ ಬಾಯಿಯ ಭಾವನನ್ನು ನಾನು ಶ್ರಾದ್ಧದ ದಿನ ಬಿಟ್ಟರೆ ನೋಡಿದ್ದೇ ಇಲ್ಲ. ಮುಖ ಒಂದು ಸುತ್ತು ಇಳಿದಿತ್ತು.

"ಯನ್ನ ಸುಣ್ಣದ ಡಬ್ಬಿ ಅದ್ರೊಳಗೇ ಇದ್ದು ಹೇಳಿ ಅಷ್ಟು ಸಲ ಹೇಳಿದ್ನಲ ಮಾರಾಯಾ!"

ಇಬ್ಬರೂ ಎರಡು ಕಡೆಯಿಂದ ಹಿಡಿದು ಕಾರನ್ನು ಅಲ್ಲಾಡಿಸಿದೆವು. ಒಳಗಿಂದ ಟಣ್ ಎಂದಿತು, ಅದರ ಬೆನ್ನಿಗೇ ಕಟಕಟ. ಭಾವ ಡ್ಯಾಶ್‌ಬೋರ್ಡಿಗೆ ಕಿವಿಯಿಟ್ಟು ಇನ್ನೊಮ್ಮೆ ಅಲ್ಲಾಡಿಸಲು ಹೇಳಿದ. ಅಲ್ಲಾಡಿಸಿದೆ.

"ಹೌದು," ಎಂದ, "ಟಣ್ ಹೇಳಿದ್ದು ಯನ್ನದೇಯ."