ಲಾಸ್ಟ್ ಪಾಯಿಂಟ್ ಅಂದ್ರೆ ಯಾವುದು ಸ್ವಾಮಿ?

ನಮ್ಮ ಟೀಮಿನ ಹಿರಿಯರೊಬ್ಬರಿಗೆ ‘ಲಾಸ್ಟ್’ ಅನ್ನುವ ಪದ ಬಾಯಿಗೆ ಅಂಟಿಕೊಂಡಿದೆ. ನಿನ್ನೆ ಸಂಜೆಯ ಮೀಟಿಂಗಿನಲ್ಲೂ “ಲಾಸ್ಟ್ ಪಾಯಿಂಟ್” ಅಂದರು. ನಾವೂ ನಂಬಿದೆವು. ಒಬ್ಬರು ಚಾರ್ಜರ್ ಕಿತ್ತು ವೈರ್ ಸುತ್ತತೊಡಗಿದರು. ನಾನಂತೂ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದೆ. ಅಷ್ಟರಲ್ಲಿ “ಲಾಸ್ಟ್ ಬಟ್ ನಾಟ್ ದಿ ಲೀಸ್ಟ್” ಅಂತ ಇನ್ನೊಂದು ಶುರುವಾಯಿತು.

ಅರ್ಧ ಎದ್ದವನ ಕಷ್ಟ ಯಾರಿಗೂ ಬೇಡ. ಪೂರ್ತಿ ಏಳುವ ಹಾಗಿಲ್ಲ. ಕೂತರೆ, ಓಡಿಹೋಗಲು ನೋಡುತ್ತಿದ್ದದ್ದು ಗೊತ್ತಾಗುತ್ತದೆ. ಜೇಬಿನಲ್ಲಿ ಏನೋ ಹುಡುಕುವವನ ಹಾಗೆ ನಟಿಸಿದೆ. ಕರ್ಚೀಫು ಸಿಕ್ಕಿತು. ತೆಗೆದು, ಮಡಚಿ, ಒಳಗಿಟ್ಟೆ. “ಒನ್ ಲಾಸ್ಟ್ ಥಿಂಗ್” ಅಂದರು. ಮತ್ತೆ ತೆಗೆದು ಇನ್ನೂ ಚಿಕ್ಕದಾಗಿ ಮಡಚಿದೆ. “ಹಾಂ, ಲಾಸ್ಟ್ಲಿ...” ಅಂದಾಗ ಮಡಚಲು ಜಾಗವೇ ಉಳಿದಿರಲಿಲ್ಲ. ಅತ್ತ ವೈರ್ ಸುತ್ತಿದ್ದವರ ಬ್ಯಾಟರಿ ಖಾಲಿಯಾಗಿ, ಪಾಪ, ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಪ್ಲಗ್ ಹಾಕಿದರು.

ತಪ್ಪು ಪೂರ್ತಿ ಅವರದ್ದೂ ಅಲ್ಲ ಬಿಡಿ. ಆ ಪದದ ಸ್ವಭಾವವೇ ಹಾಗೆ. ‘ಲೇಟ್’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಎರಡು ಸೂಪರ್ಲೇಟಿವ್, ಅಂದರೆ ‘ಎಲ್ಲಕ್ಕಿಂತ ಹೆಚ್ಚು’ ಅನ್ನುವ ರೂಪಗಳು. ಹಳೆಯದು ಲಾಸ್ಟ್, ಆಮೇಲೆ ಬಂದದ್ದು ಲೇಟೆಸ್ಟ್. ಅಂದರೆ ಲಾಸ್ಟ್ ಹುಟ್ಟಿದ್ದೇ ತಡದ ಮನೆಯಲ್ಲಿ. ‘ಆ ಲೇಖಕರ ಲೇಟೆಸ್ಟ್ ಪುಸ್ತಕ’ ಅಂದರೆ ಭಯವಿಲ್ಲ. ‘ಲಾಸ್ಟ್ ಪುಸ್ತಕ’ ಅಂದರೆ ಅವರು ಆರೋಗ್ಯವಾಗಿದ್ದಾರಾ ಅಂತ ವಿಚಾರಿಸಬೇಕಾಗುತ್ತದೆ. ‘ಲೇಟ್ ಲೇಖಕರು’ ಅಂದುಬಿಟ್ಟರೆ ವಿಚಾರಿಸುವುದೂ ಬೇಡ.

ಸಾಲದ್ದಕ್ಕೆ ಇನ್ನೊಂದು ಲಾಸ್ಟ್ ಇದೆ. ಕ್ರಿಯಾಪದ. ಅದರ ಬೇರೇ ಬೇರೆ, ಅರ್ಥವೂ ಉಲ್ಟಾ: ಬಾಳಿಕೆ ಬರುವುದು. ನಮ್ಮವರ ‘ಲಾಸ್ಟ್ ಪಾಯಿಂಟ್’ ಯಾವ ಜಾತಿಯದ್ದು ಅಂತ ಈಗ ಅರ್ಥವಾಯಿತು. ಗಟ್ಟಿ ಮಾಲು, ಬಹಳ ಕಾಲ ಬಾಳಿಕೆ ಬರುತ್ತದೆ.

“ದಿ ಲಾಸ್ಟ್ ಥಿಂಗ್ ಐ ವಾಂಟ್ ಈಸ್ ಟು ವೇಸ್ಟ್ ಯುವರ್ ಟೈಮ್” ಅಂತಲೂ ಆಗಾಗ ಅನ್ನುತ್ತಾರೆ. ನಿಮ್ಮ ಸಮಯ ಹಾಳು ಮಾಡಲು ನನಗೆ ಸುತರಾಂ ಇಷ್ಟವಿಲ್ಲ ಅಂತ ಅದರ ಅರ್ಥ. ಮಾಡುವುದು ಮಾತ್ರ ಅದನ್ನೇ.

ಇನ್ನು ಆ ‘ಲಾಸ್ಟ್ ಬಟ್ ನಾಟ್ ದಿ ಲೀಸ್ಟ್’. ಇಂಗ್ಲಿಷಿನವರು ಸಾಮಾನ್ಯವಾಗಿ ಅದರಲ್ಲಿ ‘ದಿ’ ಸೇರಿಸುವುದಿಲ್ಲ. ನಮ್ಮ ಕಡೆ ಮಾತ್ರ ಅದಿಲ್ಲದೆ ನಡೆಯುವುದು ಕಷ್ಟ. 1599ರ ಹೊತ್ತಿಗೆ ರಂಗಕ್ಕೆ ಬಂದ ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲೂ ಇದರದೇ ಮಾತಿದೆ. ಸೀಸರನ ಹೆಣ ಬಿದ್ದಿದೆ. ಸೀಸರನ ಗೆಳೆಯ ಆಂಟನಿ, ಕೊಂದ ಸಂಚುಗಾರರ ರಕ್ತಸಿಕ್ತ ಕೈಗಳನ್ನು ಒಂದೊಂದಾಗಿ ಕುಲುಕುತ್ತಾನೆ. ಸಾಲಿನ ತುದಿಯಲ್ಲಿದ್ದ ಟ್ರೆಬೋನಿಯಸ್ಸನಿಗೆ, ನೀನು ಕೊನೆಯವನಾದರೂ ಪ್ರೀತಿಯಲ್ಲಿ ಕಮ್ಮಿಯೇನಲ್ಲ ಅನ್ನುತ್ತಾನೆ. ಮನಸ್ಸಿನೊಳಗೆ ಇದ್ದದ್ದು ಸೇಡು ಅಂತ ಸ್ವಲ್ಪ ಹೊತ್ತಿಗೇ ಗೊತ್ತಾಗುತ್ತದೆ. ಮೀಟಿಂಗಿನಲ್ಲಿ ತಲೆಯಾಡಿಸುತ್ತಾ ಕೂತ ನಮ್ಮ ನಗುವೂ ಹೆಚ್ಚುಕಮ್ಮಿ ಅದೇ ತರದ್ದು.

ಹಾಗಂತ ಚಿಕ್ಕವರಿದ್ದಾಗ ನಾವೇನು ಸಾಚಾಗಳಾಗಿದ್ದೆವಾ? ಚೆಂಡು ಕಾಣದಷ್ಟು ಕತ್ತಲಾದರೂ “ಲಾಸ್ಟ್ ಓವರ್, ಲಾಸ್ಟ್ ಓವರ್” ಅಂತ ಆಟ ಎಳೆಯುತ್ತಲೇ ಇದ್ದೆವು. ಆ ಗುಂಪು ನಿಜವಾಗಿ ಕೊನೆಯ ಸಲ ಆಡಿದ್ದು ಯಾವತ್ತು ಅಂತ ಕೇಳಿದರೆ ಯಾರಿಗೂ ನೆನಪಿಲ್ಲ. ಅವತ್ತು ಯಾರೂ ಲಾಸ್ಟ್ ಅನ್ನಲಿಲ್ಲ. ಬಹುಶಃ ಬ್ಯಾಟ್ ಯಾರ ಮನೆಯಲ್ಲಿ ಇಡುವುದು ಅಂತ ಜಗಳವಾಡಿ ಹೋಗಿರುತ್ತೇವೆ.

ಇವತ್ತು ಬೆಳಿಗ್ಗೆ ಹಿರಿಯರಿಂದ ಮೇಲ್ ಬಂದಿದೆ: ‘ಲಾಸ್ಟ್ ವರ್ಷನ್ ಕಳಿಸಿ.’ ಇದಕ್ಕಿಂತ ಹಿಂದಿನದಾ, ಈಗಷ್ಟೇ ತಿದ್ದಿದ್ದಾ, ಇನ್ನು ಯಾರೂ ಮುಟ್ಟಬಾರದ್ದಾ? ಕೇಳಬಹುದಿತ್ತು. ಕೇಳಿದರೆ “ಬನ್ನಿ, ಐದು ನಿಮಿಷ ಮಾತಾಡೋಣ” ಅನ್ನುತ್ತಾರೆ. ಫೋಲ್ಡರಿನಲ್ಲಿ ಇದ್ದದ್ದನ್ನೆಲ್ಲ ಕಳಿಸಿಬಿಟ್ಟೆ.